ಹತ್ತು ಚೀಲ ಮಣ್ಣು, ಜೊತೆಗೆ ಹಳದಿ ಅಣಬೆ

ಮೈಸೂರಿನ ರಿಂಗ್ ರೋಡ್ ಆಚೆ ಒಂದು ನರ್ಸರಿ ಇದೆ. ಏಪ್ರಿಲ್ ಕೊನೆಯಲ್ಲಿ ಅಲ್ಲಿಂದ ಹತ್ತು ಚೀಲ ಪಾಟಿಂಗ್ ಮಿಕ್ಸ್ ತರಿಸಿದೆ. ಗಿಡ ನೆಡೋಕೆ ತಯಾರಿ ಮಣ್ಣು ಅಂತ ಚೀಲದಲ್ಲಿ ಮಾರುತ್ತಾರಲ್ಲ, ಅದೇ. ಈಗ ನಾಲ್ಕು ತಿಂಗಳಾಯಿತು. ಮಣ್ಣು ಚೆನ್ನಾಗಿದೆ, ಐದಕ್ಕೆ ನಾಲ್ಕು ನಕ್ಷತ್ರ ಕೊಡುತ್ತೇನೆ. ಉಳಿದ ಒಂದನ್ನು ಯಾಕೆ ಕೊಟ್ಟಿಲ್ಲ ಅಂತ ಹೇಳೋಕೇ ಇಷ್ಟುದ್ದ ಬರೆಯುತ್ತಿದ್ದೇನೆ. ನರ್ಸರಿಯ ಹೆಸರು ಹಾಕುತ್ತಿಲ್ಲ. ಇಂಥ ಚೀಲ ಮಾರುವ ಎಲ್ಲ ಅಂಗಡಿಗೂ ಈ ಮಾತು ಸಲ್ಲುತ್ತದೆ.

ನಮ್ಮದು ಬಾಡಿಗೆ ಮನೆ, ಕೆಳಗಿನ ಮಹಡಿ. ಕಾಂಪೌಂಡ್ ಗೋಡೆಯ ಪಕ್ಕ 8 ಅಡಿ ಉದ್ದ, 3 ಅಡಿ ಅಗಲದ ಜಾಗ ಇದೆ. ಮನೆ ಕಟ್ಟಿದಾಗ ಉಳಿದ ಜಲ್ಲಿ, ಇಟ್ಟಿಗೆ ಚೂರು, ಸಿಮೆಂಟ್ ಹೆಂಟೆ ಎಲ್ಲಾ ಅಲ್ಲೇ ಸುರಿದಿದ್ದರು. ಮೂರು ಭಾನುವಾರ ನಾನೂ ಮಗನೂ ಅಗೆದು ಅರ್ಧ ಅಡಿ ತೆಗೆದೆವು. ಆ ಗುಂಡಿ ತುಂಬೋಕೆ ಮಣ್ಣು ಬೇಕಿತ್ತು.

ಚೀಲಕ್ಕೆ 220 ರೂಪಾಯಿ, ಆಟೋ ಬಾಡಿಗೆ 300. ಹೇಳಿದ ದಿನವೇ ಬಂತು. ಚೀಲದ ಮೇಲೆ 25 ಕಿಲೋ ಅಂತ ಅಚ್ಚಾಗಿದೆ. ಕೆಂಪು ಮಣ್ಣು, ತೆಂಗಿನ ನಾರಿನ ಪುಡಿ, ಎರೆಗೊಬ್ಬರ, ಬೇವಿನ ಹಿಂಡಿ ಅಂತ ಬರೆದಿದೆ. ಯಾವುದು ಎಷ್ಟು ಪಾಲು ಅಂತ ಬರೆದಿಲ್ಲ. ಇನ್ನೊಂದು ವಿಷಯ. ಮೂರು ಚೀಲ ಚೆನ್ನಾಗಿ ನೆನೆದಿದ್ದವು. ನಾರಿನ ಪುಡಿ ನೀರನ್ನು ತುಂಬಾ ಹೀರುತ್ತದೆ, ತೂಕದಲ್ಲಿ ಒಂದು ಪಾಲು ನೀರಿನದೇ ಆಗಿರಬಹುದು. ಹಾಗಾಗಿ ಇಂಥ ಮಣ್ಣನ್ನು ಕಿಲೋ ಲೆಕ್ಕದಲ್ಲಿ ಮಾರುವ ಬದಲು ಲೀಟರ್ ಲೆಕ್ಕದಲ್ಲಿ ಮಾರಿದರೆ ಒಳ್ಳೆಯದು. ಕೊಳ್ಳುವವರಿಗೆ ಗುಂಡಿ ಎಷ್ಟು ತುಂಬುತ್ತದೆ ಅನ್ನೋದು ಮುಖ್ಯ ಅಲ್ವಾ?

ಮಣ್ಣಿನ ಗುಣಕ್ಕೆ ಹೆಸರಿಡುವ ಹಾಗಿಲ್ಲ. ಚೀಲ ಬಿಚ್ಚಿದಾಗ ಮಳೆ ಬಿದ್ದ ಹೊಲದ ವಾಸನೆ. ಮುಷ್ಟಿಯಲ್ಲಿ ಅದುಮಿದರೆ ಉಂಡೆ ಕಟ್ಟುತ್ತದೆ, ಬೆರಳಲ್ಲಿ ತಟ್ಟಿದರೆ ಉದುರುತ್ತದೆ. ಹೋದ ವರ್ಷ ಕುಂಡಗಳಿಗೆ ಬೇರೆ ಕಡೆಯಿಂದ ಬರೀ ನಾರಿನ ಪುಡಿ ತಂದಿದ್ದೆ. ನೀರು ಹಾಕಿದರೆ ತೇಲುತ್ತಿತ್ತು, ಒಣಗಿದರೆ ಕುಂಡದ ಅಂಚು ಬಿಟ್ಟು ಒಳಗೆ ಸರಿಯುತ್ತಿತ್ತು. ಇದರಲ್ಲಿ ಆ ತೊಂದರೆ ಇಲ್ಲ.

ಎರಡು ಚೀಲದಲ್ಲಿ ಮಾತ್ರ ಬಿಳಿ ಎಳೆಗಳು ಹೆಣೆದುಕೊಂಡಿದ್ದವು. ಹತ್ತಿ ಹಿಂಜಿ ಮಣ್ಣಿನ ಹೆಂಟೆಗೆ ಸುತ್ತಿದ ಹಾಗೆ. ಬೂಷ್ಟು ಹಿಡಿದಿದೆ ಅಂದುಕೊಂಡೆ. ವಾಪಸ್ ಕೊಡೋಣ ಅಂದರೆ ಆಟೋ ಹೊರಟುಹೋಗಿತ್ತು. ಸರಿ, ಬಿಸಿಲಿಗೆ ಹೋಗುತ್ತದೆ ಅಂತ ಅವನ್ನೂ ಸುರಿದು, ಮೇಲೆ ಒಣ ಎಲೆ ಮತ್ತು ಮರದ ಚಕ್ಕೆ ಹೊದಿಸಿದೆ. ಚಕ್ಕೆಯೂ ಅದೇ ನರ್ಸರಿಯದ್ದು, ಚೀಲಕ್ಕೆ 150. ಎಂಟು ಈರನಗೆರೆ ಬದನೆ ಸಸಿ ನೆಟ್ಟೆ. ಅಂಚಿಗೆ ಹರಿವೆ, ಮೂಲೆಗೆ ಒಂದು ದೊಡ್ಡಪತ್ರೆ.

ಮೇ ಮಧ್ಯದಲ್ಲಿ ಕೃತ್ತಿಕಾ ಮಳೆ ನಾಲ್ಕು ದಿನ ಬಿಡದೆ ಸಂಜೆ ಹೊತ್ತು ಹೊಡೆಯಿತು. ಐದನೇ ದಿನ ಬೆಳಿಗ್ಗೆ ಆರೂವರೆಗೆ ಹೂವು ಕೀಳೋಕೆ ಹೋದ ಅತ್ತೆ ಅಲ್ಲಿಂದಲೇ ಕೂಗಿದರು. "ಬಾ ಇಲ್ಲಿ, ನಿನ್ನ ಬದನೆ ಬುಡದಲ್ಲಿ ನಾಯಿಕೊಡೆ ಎದ್ದಿದೆ."

ಹೋಗಿ ಕುಕ್ಕರುಗಾಲಲ್ಲಿ ಕೂತು ನೋಡಿದೆ. ಅಂಥ ಹಳದಿಯನ್ನು ಮಣ್ಣಿನ ಮೇಲೆ ನಾನು ಯಾವತ್ತೂ ಕಂಡಿರಲಿಲ್ಲ. ನಿಂಬೆಹಣ್ಣಿನ ಸಿಪ್ಪೆಯ ಹಳದಿ. ಹದಿನಾಲ್ಕು ಇದ್ದವು. ಕೆಲವು ಇನ್ನೂ ಮೊಗ್ಗು, ಬೆಂಕಿಕಡ್ಡಿಯ ತಲೆಯನ್ನು ದೊಡ್ಡದು ಮಾಡಿದ ಹಾಗೆ. ಕೆಲವು ಗಂಟೆಯ ಆಕಾರಕ್ಕೆ ಬಂದಿದ್ದವು. ಒಂದು ಪೂರ್ತಿ ಬಿಚ್ಚಿ ಕೊಡೆಯಾಗಿತ್ತು, ಅಂಚಿನುದ್ದಕ್ಕೂ ಲಂಗದ ನೆರಿಗೆ ಹಿಡಿದ ಹಾಗೆ ಗೀರುಗಳು. ತಲೆಯ ಮೇಲೆ ಹಿಟ್ಟು ಉದುರಿಸಿದಂತೆ ಸಣ್ಣ ಸಣ್ಣ ಹೊಪ್ಪಳೆ, ಮುಟ್ಟಿದರೆ ಬೆರಳಿಗೆ ಅಂಟುತ್ತದೆ. ಕಾಲಿನ ನಡುವೆ ತೆಳುವಾದ ಒಂದು ಬಳೆ. ಬುಡ ಸ್ವಲ್ಪ ಉಬ್ಬಿತ್ತು. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದು ನೋಡಿದರೆ ಬಿಸಿಲಿಗೆ ಬಿಚ್ಚಿದ್ದೆಲ್ಲ ಬಾಡಿ ಮಲಗಿದ್ದವು. ಮಾರನೇ ದಿನ ಬೆಳಿಗ್ಗೆ ಹೊಸದು ಎದ್ದಿದ್ದವು.

ಮೊದಲು ಗಿಡದ ಚಿಂತೆ ಆಯಿತು. ಬೇರಿಗೆ ರೋಗ ಬಂತೇನೋ ಅಂತ ನರ್ಸರಿಗೆ ಫೋಟೋ ಕಳಿಸಿ ಫೋನ್ ಮಾಡಿದೆ. ಮಾಲೀಕರು ಸಮಾಧಾನವಾಗಿ ಮಾತಾಡಿದರು. "ಏನೂ ಆಗಲ್ಲ ಮೇಡಂ, ಮಣ್ಣಲ್ಲಿ ಜೀವ ಇದೆ ಅಂತ ಲೆಕ್ಕ. ಗಿಡಕ್ಕೆ ತೊಂದರೆ ಇಲ್ಲ. ಔಷಧಿ ಗಿವುಷಧಿ ಏನೂ ಹೊಡಿಬೇಡಿ" ಅಂದರು. ಅವರು ಹೇಳಿದ್ದು ಸರಿ. ಆಮೇಲೆ ನಾನೇ ಓದಿ, ಕೇಳಿ ತಿಳಿದುಕೊಂಡ ಮೇಲೆ ಅವರ ಮೇಲೆ ಗೌರವ ಜಾಸ್ತಿಯಾಯಿತು. ಯಾಕೆಂದರೆ ಬಸ್ ಸ್ಟ್ಯಾಂಡ್ ಹತ್ತಿರದ ಬೇರೊಂದು ಅಂಗಡಿಯಲ್ಲಿ ಕೇಳಿದ್ದಕ್ಕೆ ಅವರು ತಕ್ಷಣ ಶಿಲೀಂಧ್ರನಾಶಕದ ಪೊಟ್ಟಣ ತೆಗೆದು ಮುಂದೆ ಇಟ್ಟಿದ್ದರು.

ನಾವು ಅಣಬೆ ಅನ್ನೋದು ಹಣ್ಣು ಇದ್ದ ಹಾಗೆ. ಮರ ಮಣ್ಣಿನೊಳಗೆ ಇರುತ್ತದೆ. ಚೀಲದಲ್ಲಿ ನಾನು ಬೂಷ್ಟು ಅಂದುಕೊಂಡ ಆ ಬಿಳಿ ಎಳೆಗಳೇ ಅದು. ಅದು ಬದನೆಯ ಬೇರನ್ನು ತಿನ್ನುವುದಿಲ್ಲ. ನಾರಿನ ಪುಡಿ, ಮರದ ಚಕ್ಕೆ, ಒಣ ಎಲೆಯಂಥ ಸತ್ತ ವಸ್ತುವನ್ನು ಕರಗಿಸಿ ತಿನ್ನುತ್ತದೆ. ಹಾಗೆ ಕರಗಿದ್ದರಲ್ಲಿ ಒಂದಷ್ಟು ನಿಧಾನವಾಗಿ ಗಿಡಕ್ಕೂ ಸಿಗುತ್ತದೆ. ತೇವ, ಸೆಕೆ, ಹೊಟ್ಟೆ ತುಂಬ ಗೊಬ್ಬರ ಮೂರೂ ಕೂಡಿದಾಗ ಮೇಲೆ ಕೊಡೆ ಬಿಚ್ಚುತ್ತದೆ. ಕಿತ್ತು ಹಾಕಿದರೂ ಕೆಳಗಿನ ಎಳೆ ಇದ್ದೇ ಇರುತ್ತದೆ, ಮತ್ತೆ ಬರುತ್ತದೆ. ಮೇಲಿಂದ ಔಷಧಿ ಸುರಿದರೆ ಒಳಗಿನವರೆಗೂ ತಲುಪುವುದಿಲ್ಲ, ಸೊಪ್ಪು ಬೆಳೆಯುವ ಮಣ್ಣಿಗೆ ಸುಮ್ನೆ ವಿಷ ಸೇರುತ್ತದೆ ಅಷ್ಟೇ.

ನನಗೆ ಬೇಜಾರಾಗಿದ್ದು ಇದರ ಮಾರನೇ ದಿನ. ಇನ್ನೊಂದು ಚೀಲ ಮರದ ಚಕ್ಕೆ ತರೋಕೆ ನರ್ಸರಿಗೆ ಹೋಗಿದ್ದೆ. ಮಾಲೀಕರು ಇರಲಿಲ್ಲ. ಚೀಲ ಎತ್ತಿಕೊಡುವ ಹುಡುಗ ನನ್ನ ಫೋನಿನಲ್ಲಿ ಫೋಟೋ ನೋಡಿ ನಗುತ್ತಾ ಹೇಳಿದ, "ಅಕ್ಕಾ, ಇದನ್ನ ಎಸಿತೀರಾ? ಪಲ್ಯ ಮಾಡ್ಕೊಳ್ಳಿ. ಹುಳ ತಿಂದಿದೆ ನೋಡಿ, ವಿಷ ಇದ್ದಿದ್ರೆ ಹುಳ ತಿಂತಿತ್ತಾ?"

ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅವನ ಊರಲ್ಲಿ ಯಾರೋ ಹಾಗೆ ಹೇಳಿರುತ್ತಾರೆ. ಆದರೆ ಅದು ತಪ್ಪು. ಬಸವನಹುಳ, ಗೊಂಡೆಹುಳಗಳಿಗೆ ತಿಂದರೂ ಏನೂ ಆಗದ ಎಷ್ಟೋ ಅಣಬೆ ಮನುಷ್ಯರಿಗೆ ವಿಷ. ಬೇಯಿಸುವಾಗ ಬೆಳ್ಳಿ ಚಮಚ ಹಾಕಿ ನೋಡು, ಅರಿಸಿನ ಹಾಕಿ ನೋಡು, ಬೆಳ್ಳುಳ್ಳಿ ಕಪ್ಪಾಗುತ್ತಾ ನೋಡು ಅನ್ನುವ ಪರೀಕ್ಷೆಗಳಿಗೂ ಯಾವ ಆಧಾರವೂ ಇಲ್ಲ. ಕುದಿಸಿದರೆ ವಿಷ ಹೋಗುತ್ತದೆ ಅನ್ನೋದೂ ನಂಬುವ ಮಾತಲ್ಲ. ಕೆಲವು ಅಣಬೆಯ ವಿಷ ಎಷ್ಟು ಕುದಿಸಿದರೂ ಹಾಗೇ ಉಳಿಯುತ್ತದೆ.

ನಮ್ಮ ಅತ್ತೆ ತೀರ್ಥಹಳ್ಳಿ ಕಡೆಯವರು. ಚಿಕ್ಕಂದಿನಿಂದ ಕಾಡಿನ ಅಣಬೆ ತಿಂದು ಬೆಳೆದವರು. ಹುಡುಗ ಹೇಳಿದ್ದನ್ನು ಅವರಿಗೆ ಹೇಳಿದೆ. ಅವರ ಮುಖವೇ ಗಂಟಾಯಿತು. "ನಾವು ತಿಂತಿದ್ದದ್ದು ಹುತ್ತದ ಅಣಬೆ. ಅದೂ ನಮ್ಮಪ್ಪ ವರ್ಷ ವರ್ಷ ತರುತ್ತಿದ್ದ ಜಾಗದಿಂದಲೇ. ಅದಕ್ಕೆ ಗೇಣುದ್ದ ಬೇರು ಇರುತ್ತೆ, ಎಳೆದರೆ ಹುತ್ತದ ಒಳಗಿನಿಂದ ಬರುತ್ತೆ. ಗೊತ್ತಿಲ್ಲದ್ದನ್ನ ನಮ್ಮಪ್ಪ ಕಾಲಲ್ಲೂ ಮುಟ್ಟುತ್ತಿರಲಿಲ್ಲ. ಇದು ಚೀಲದಲ್ಲಿ ಬಂದದ್ದು. ಇದರ ಊರು ಯಾವುದು, ಕುಲ ಯಾವುದು ಯಾರಿಗೆ ಗೊತ್ತು?" ಅಂದರು.

ಆ ಬೇರಿನ ಮಾತು ನಿಜ. ಗೆದ್ದಲು ಹುತ್ತದೊಳಗೆ ತನ್ನ ಆಹಾರಕ್ಕೆ ಅಂತ ಬೂಷ್ಟಿನ ತೋಟ ಮಾಡುತ್ತದೆ. ಮಳೆಗಾಲದಲ್ಲಿ ಆ ತೋಟದಿಂದಲೇ ಅಣಬೆ ಉದ್ದ ಬೇರಿನಂಥ ಕಾಲು ಬಿಟ್ಟುಕೊಂಡು ಮೇಲೆ ಬರುತ್ತದೆ. ಗೆದ್ದಲಿಲ್ಲದ ಕಡೆ ಅದು ಬೆಳೆಯುವುದಿಲ್ಲ. ಮಲೆನಾಡಿನವರಿಗೆ ಅಣಬೆ ಅಂದ ಕೂಡಲೇ ಬಾಯಲ್ಲಿ ನೀರೂರುವುದು ಸಹಜ. ಆದರೆ ಆ ರುಚಿಯ ನೆನಪನ್ನು ನಂಬಿ ಪಾತಿಯ ಅಣಬೆಗೆ ಕೈ ಹಾಕಬಾರದು.

ಮೂರನೇ ದಿನ ಶನಿವಾರ. ಮೇಲಿನ ಮನೆಯ ಮಗುವಿಗೆ ಮೂರು ವರ್ಷ. ನಮ್ಮ ಅಂಗಳದಲ್ಲೇ ಆಡುವುದು. ಅಡುಗೆಮನೆಯ ಕಿಟಕಿಯಿಂದ ನೋಡುತ್ತೇನೆ, ಅದು ಪಾತಿಯ ಹತ್ತಿರ ನಿಂತಿದೆ, ಕೈಯಲ್ಲಿ ಹಳದಿ ಕೊಡೆ. ನನ್ನನ್ನು ನೋಡಿ "ಆಂಟಿ, ಹೂ" ಅಂತ ತೋರಿಸಿತು. ಕೊಡೆಯ ಒಂದು ಕಡೆ ಅಂಚು ಇರಲಿಲ್ಲ.

ಓಡಿ ಹೋದೆ. ಬಾಯಿ ತೆಗೆಸಿ ನೋಡಿದೆ, ನಾಲಿಗೆ ನೋಡಿದೆ, ಕೆನ್ನೆಯ ಒಳಗೆ ಬೆರಳು ಹಾಕಿ ನೋಡಿದೆ. ಏನೂ ಇರಲಿಲ್ಲ. ಆಮೇಲೆ ಕಾಣೆಯಾದ ಆ ಚೂರು ಅದರ ಫ್ರಾಕಿನ ಮಡಿಕೆಯಲ್ಲಿ ಸಿಕ್ಕಿತು. ಅದನ್ನು ಮುರಿದ ಕೊಡೆಯ ಪಕ್ಕ ಇಟ್ಟು ಜೋಡಿಸಿ ನೋಡಿದೆ. ಸರಿಯಾಗಿ ಕೂತಿತು. ಆಗ ನನಗೆ ಉಸಿರು ಬಂತು. ಮಗುವಿನ ಅಮ್ಮ ಇಳಿದು ಬಂದರು. ಇಬ್ಬರೂ ಸೇರಿ ಕೈ ತೊಳೆಸಿದೆವು. ಅವತ್ತು ರಾತ್ರಿ ಎರಡು ಸಲ ಮೇಲೆ ಹೋಗಿ ಮಗು ಹೇಗಿದೆ ಅಂತ ಕೇಳಿ ಬಂದೆ.

ಆ ಮೇಲೆ ಸುಮ್ಮನೆ ಕೂರೋಕೆ ಆಗಲಿಲ್ಲ. ನಮ್ಮ ಅಂಚೆ ಕಚೇರಿಗೆ ಆರ್‌ಡಿ ಕಟ್ಟೋಕೆ ಬರುವ ಒಬ್ಬರು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತಾರೆ. ಅವರನ್ನು ಕೇಳಿದೆ. ಮೇಲಿಂದ ತೆಗೆದ ಫೋಟೋ ಸಾಲದು, ಕೊಡೆಯ ಒಳಭಾಗ, ಕಾಲಿನ ಬುಡ ಎಲ್ಲಾ ಬೇಕು, ಅಣಬೆ ಬೀಜದ ಹಾಗೆ ಉದುರಿಸುವ ಪುಡಿಯ ಬಣ್ಣವೂ ಬೇಕು ಅಂದರು. ಮಗನ ಕಪ್ಪು ಡ್ರಾಯಿಂಗ್ ಹಾಳೆಯ ಮೇಲೆ ಒಂದು ಕೊಡೆಯ ತಲೆಯನ್ನು ಕವುಚಿ ಇಟ್ಟು, ಮೇಲೆ ಲೋಟ ಮುಚ್ಚಿದೆವು. ಬೆಳಿಗ್ಗೆ ಎತ್ತಿ ನೋಡಿದರೆ ಹಾಳೆಯ ಮೇಲೆ ಬಿಳಿ ರಂಗೋಲಿ! ನಡುವಿನಿಂದ ಅಂಚಿಗೆ ಕೂದಲೆಳೆಯಷ್ಟು ತೆಳು ಗೆರೆಗಳು, ಒಂದಕ್ಕೊಂದು ತಾಕದ ಹಾಗೆ. ಏಳನೇ ಕ್ಲಾಸಿನ ಮಗ ಅದನ್ನು ಊದಿಬಿಡಬೇಡಿ ಅಂತ ಎಲ್ಲರಿಗೂ ಹೇಳಿ, ಶೋಕೇಸಿನಲ್ಲಿ ಇಟ್ಟಿದ್ದಾನೆ.

ಅವರು ಎಲ್ಲಾ ನೋಡಿ ಲ್ಯೂಕೋಕೊಪ್ರೈನಸ್ ಬರ್ನ್‌ಬೌಮಿ ಅಂತ ಹೆಸರು ಹೇಳಿದರು. ಜಗತ್ತಿನ ಎಷ್ಟೋ ಕಡೆ ಕುಂಡದ ಮಣ್ಣಿನಲ್ಲಿ ಏಳುವುದು ಇದೇ ಅಂತೆ. ನಮ್ಮಂಥ ಬೆಚ್ಚಗಿನ ಊರಲ್ಲಿ ಹೊರಗೆ ಬೆಳೆಯುತ್ತದೆ, ಚಳಿ ದೇಶದಲ್ಲಿ ಮನೆಯೊಳಗಿನ ಕುಂಡ ಮತ್ತು ಗಾಜಿನ ಮನೆಗಳಲ್ಲಿ. ಬರ್ನ್‌ಬೌಮಿ ಅನ್ನುವ ಹೆಸರು ಇಟ್ಟದ್ದು 1839ರಲ್ಲಿ. ಪ್ರಾಗ್ ನಗರದಲ್ಲಿ, ನಮ್ಮ ಲಾಲ್‌ಬಾಗಿನಲ್ಲಿ ಇದೆಯಲ್ಲ, ಅಂಥ ಗಾಜಿನ ಮನೆಯಲ್ಲಿ ಇದನ್ನು ಕಂಡ ತೋಟದ ಮೇಲ್ವಿಚಾರಕರ ಹೆಸರನ್ನೇ ಅದಕ್ಕೆ ಕೊಟ್ಟರಂತೆ. ಗಿಡಕ್ಕೆ ಇದರಿಂದ ಹಾನಿ ಇಲ್ಲ. ಮುಟ್ಟಿದರೆ ವಿಷ ಏರುವುದಿಲ್ಲ. ಆದರೆ ತಿನ್ನುವಂಥದ್ದಲ್ಲ, ತಿಂದರೆ ಹೊಟ್ಟೆ ಕೆಟ್ಟು ವಾಂತಿ ಆಗಬಹುದು. ಮೂರು ವರ್ಷದ ಮಗುವಿಗೆ ಅದು ಸಣ್ಣ ವಿಷಯ ಅಲ್ಲ.

ಅವರು ಇನ್ನೊಂದು ಅಣಬೆಯ ಬಗ್ಗೆ ಎಚ್ಚರಿಸಿದರು. ಪಾರ್ಕಿನ ಹುಲ್ಲುಹಾಸಿನಲ್ಲಿ ಮಳೆ ಬಿದ್ದ ಮೇಲೆ ತಟ್ಟೆಯಗಲದ ಬಿಳಿ ಕೊಡೆ ಏಳುತ್ತದೆ, ಮೇಲೆ ಕಂದು ಹೊಪ್ಪಳೆ. ನೋಡೋಕೆ ತಿನ್ನುವ ಅಣಬೆಯ ಹಾಗೇ ಇರುತ್ತದೆ. ಬಲಿತ ಮೇಲೆ ಒಳಗಿನ ಪದರಗಳು ಹಸಿರಾಗುತ್ತವೆ, ಅದರ ಪುಡಿಯೂ ಹಸಿರು. ತಿಂದರೆ ಒಂದರಿಂದ ಮೂರು ಗಂಟೆಯೊಳಗೆ ಜೋರು ವಾಂತಿ, ಭೇದಿ. ಮೊಗ್ಗಿನಲ್ಲಿ ಹಸಿರು ಕಾಣುವುದೇ ಇಲ್ಲ, ಅದಕ್ಕೇ ಜನ ಮೋಸ ಹೋಗುತ್ತಾರೆ.

ಇನ್ನೂ ಕೆಟ್ಟ ಜಾತಿಯ ಅಣಬೆಗಳಿವೆ. ಅವನ್ನು ತಿಂದ ಮೇಲೆ ಆರು ಗಂಟೆ, ಕೆಲವೊಮ್ಮೆ ಇನ್ನೂ ಜಾಸ್ತಿ ಹೊತ್ತು ಏನೂ ಗೊತ್ತಾಗುವುದಿಲ್ಲ. ಆಮೇಲೆ ವಾಂತಿ ಭೇದಿ ಶುರುವಾಗುತ್ತದೆ. ನಡುವೆ ಒಂದು ದಿನ ಹುಷಾರಾದ ಹಾಗೆ ಕಾಣುತ್ತದೆ, ಅಷ್ಟರಲ್ಲಿ ಯಕೃತ್ತು ಕೆಡುತ್ತಾ ಇರುತ್ತದೆ. ಹಾಗಾಗಿ ಮಗು ಗೊತ್ತಿಲ್ಲದ ಅಣಬೆ ತಿಂದಿದೆ ಅಂತ ಅನುಮಾನ ಬಂದರೂ ಸಾಕು, ಕಾಯಬೇಡಿ. ಉಪ್ಪು ನೀರು ಕುಡಿಸಿ ವಾಂತಿ ಮಾಡಿಸೋಕೆ ಹೋಗಬೇಡಿ. ಉಳಿದ ಅಣಬೆಯನ್ನು ಕಾಗದದಲ್ಲಿ ಸುತ್ತಿಕೊಂಡು ನೇರ ಆಸ್ಪತ್ರೆಗೆ ಹೋಗಿ. ಪ್ಲಾಸ್ಟಿಕ್ ಕವರಿನಲ್ಲಿ ಅದು ಬೇಗ ಕೊಳೆತುಹೋಗುತ್ತದೆ. ನಾಯಿ ತಿಂದರೂ ಅಷ್ಟೇ, ಪಶುವೈದ್ಯರ ಹತ್ತಿರ ಓಡಬೇಕು.

ಈಗ ನಾನು ದಿನಾ ಬೆಳಿಗ್ಗೆ, ಮಗು ಕೆಳಗೆ ಬರುವ ಮುಂಚೆ, ಪಾತಿ ನೋಡುತ್ತೇನೆ. ಎದ್ದಿದ್ದರೆ ಬುಡ ಸಮೇತ ಕಿತ್ತು ಕಾಗದದಲ್ಲಿ ಸುತ್ತಿ ಹಸಿ ಕಸಕ್ಕೆ ಹಾಕುತ್ತೇನೆ. ದಿನಾ ಹಾಕುತ್ತಿದ್ದ ನೀರನ್ನು ಎರಡು ದಿನಕ್ಕೊಮ್ಮೆ ಮಾಡಿದ್ದೇನೆ. ಗಿಡದ ಬುಡದಿಂದ ಚಕ್ಕೆಯನ್ನು ಒಂದು ಗೇಣು ದೂರ ಸರಿಸಿದ್ದೇನೆ. ಪಾತಿಯ ಸುತ್ತ ಮಗುವಿನ ಎದೆಯೆತ್ತರಕ್ಕೆ ನೆಟ್ ಕಟ್ಟಿದ್ದೇನೆ, 180 ರೂಪಾಯಿ ಆಯಿತು. ಜೂನ್ ಹೊತ್ತಿಗೆ ಹಳದಿ ಕೊಡೆ ತುಂಬಾ ಕಡಿಮೆಯಾಯಿತು.

ಆದರೆ ಬೇರೆ ಬಂದವು. ಹಸಿ ಸಗಣಿ ಹಾಕಿದ ತುದಿಯಲ್ಲಿ ಬೂದಿ ಬಣ್ಣದ ಸಣ್ಣ ಕೊಡೆಗಳು ರಾತ್ರೋರಾತ್ರಿ ಎದ್ದು, ಮಧ್ಯಾಹ್ನಕ್ಕೆ ಕಪ್ಪು ಶಾಯಿಯಾಗಿ ಕರಗಿದವು. ಜುಲೈನಲ್ಲಿ ಮರದ ಚಕ್ಕೆಯ ಮೇಲೆ ಬಂದದ್ದಂತೂ ನನಗೆ ತುಂಬಾ ಇಷ್ಟವಾಯಿತು. ಕಡಲೆಕಾಳಿನಷ್ಟು ದೊಡ್ಡ ಬಟ್ಟಲುಗಳು, ಪ್ರತಿ ಬಟ್ಟಲಿನೊಳಗೆ ಸಾಸಿವೆಯನ್ನು ಚಪ್ಪಟೆ ಮಾಡಿದಂಥ ನಾಲ್ಕೈದು ಬೂದು ಮೊಟ್ಟೆ. ಥೇಟ್ ಹಕ್ಕಿ ಗೂಡು. ಇದೂ ಅಣಬೆಯ ಜಾತಿಯೇ. ಮಳೆ ಹನಿ ಬಟ್ಟಲಿಗೆ ಬಿದ್ದಾಗ ಮೊಟ್ಟೆ ಸಿಡಿದು ದೂರ ಹೋಗಿ ಅಂಟಿಕೊಳ್ಳುತ್ತದೆ, ಅಲ್ಲಿಂದ ಹೊಸ ಎಳೆ ಹುಟ್ಟುತ್ತದೆ. ಒಂದು ಮೊಟ್ಟೆ ಬದನೆ ಎಲೆಯ ಕೆಳಗೆ ಅಂಟಿದ್ದನ್ನು ಮಗ ಹುಡುಕಿದ. ಮುಕ್ಕಾಲು ಅಡಿ ಎತ್ತರದಲ್ಲಿತ್ತು. ಒಂದು ಹನಿ ಮಳೆಯ ಬಲ ಅದು.

ಬೆಳೆ ಹೇಗೆ ಬಂತು ಅನ್ನೋದನ್ನೂ ಹೇಳಬೇಕು. ಹರಿವೆ ಇಪ್ಪತ್ತೈದು ದಿನಕ್ಕೆ ಕೊಯ್ಲಿಗೆ ಬಂತು, ಮೂರು ಸಲ ಕೊಯ್ದೆವು. ಎಂಟು ಬದನೆಯಲ್ಲಿ ಏಳು ಉಳಿದವು, ಒಂದನ್ನು ಹೆಗ್ಗಣ ಕಡಿಯಿತು. ಜುಲೈ ಎರಡನೇ ವಾರದಿಂದ ಕಾಯಿ ಬಿಡುತ್ತಿದೆ. ಎಳೇ ಈರನಗೆರೆ ಬದನೆಯ ಎಣ್ಣೆಗಾಯಿ ಮಾಡಿ ಮೇಲಿನ ಮನೆಗೂ ಕೊಟ್ಟೆ. ರಸಗೊಬ್ಬರ ಒಂದು ಚಮಚ ಕೂಡ ಹಾಕಿಲ್ಲ. ಮಣ್ಣು ಮಾತ್ರ ಇಳಿದಿದೆ. ಅರ್ಧ ಅಡಿ ತುಂಬಿಸಿದ್ದು ಈಗ ನಾಲ್ಕೂವರೆ ಅಂಗುಲ. ನಾರು, ಎಲೆ ಎಲ್ಲಾ ಕರಗುತ್ತಿರುವುದರಿಂದ ಇದು ಆಗಲೇಬೇಕು. ತರಿಸುವವರು ಎರಡು ಚೀಲ ಜಾಸ್ತಿ ಲೆಕ್ಕ ಹಾಕಿಕೊಳ್ಳಿ. ಒಂದು ಚೀಲದಲ್ಲಿ ಪ್ಲಾಸ್ಟಿಕ್ ಚೂರುಗಳು ಸಿಕ್ಕವು, ಜರಡಿ ಹಿಡಿಯುವಾಗ ಇನ್ನಷ್ಟು ಗಮನ ಕೊಡಬೇಕು.

ಅಣಬೆ ಬಂತು ಅಂತ ನಾನು ನಕ್ಷತ್ರ ಕಡಿಮೆ ಮಾಡಿಲ್ಲ. ಅಣಬೆ ಏಳದ ಮಣ್ಣು ಬೇಕು ಅಂದರೆ ಹುರಿದು ಸಾಯಿಸಿದ ಮಣ್ಣನ್ನೇ ಕೇಳಿದ ಹಾಗಾಗುತ್ತದೆ. ಬರುತ್ತದೆ ಅಂತ ಮಾರುವವರಿಗೆ ಗೊತ್ತಿತ್ತು, ಕೊಳ್ಳುವವರಿಗೆ ಹೇಳಲಿಲ್ಲ. ಅದಕ್ಕೆ ಒಂದು ನಕ್ಷತ್ರ ಹೋಯಿತು. ಈ ಚೀಲ ಮನೆಯಂಗಳಕ್ಕೆ ಹೋಗುತ್ತದೆ, ಅಲ್ಲಿ ಮಕ್ಕಳು ಇರುತ್ತಾರೆ. ಕೌಂಟರಿನಲ್ಲಿ ನಿಂತವರು ಪಲ್ಯ ಮಾಡ್ಕೊಳ್ಳಿ ಅಂದರೆ, ಅಂಗಡಿಯವರೇ ಹೇಳಿದರಲ್ಲ ಅಂತ ನಂಬಿ ಮಾಡಿಕೊಳ್ಳುವವರೂ ಇರುತ್ತಾರೆ.

ಆಗಸ್ಟಿನಲ್ಲಿ ಎರಡು ಚೀಲ ತರೋಕೆ ಹೋದಾಗ ಮಾಲೀಕರು ಸಿಕ್ಕರು. ಮಗುವಿನ ವಿಷಯ ಹೇಳಿದೆ. ಅವರು ಕೈಯಲ್ಲಿದ್ದ ಟೀ ಲೋಟ ಕೆಳಗಿಟ್ಟರು. ಆ ಹುಡುಗನನ್ನು ಕರೆದು, ಬೈಯದೆ, ನನ್ನ ಮುಂದೆಯೇ ಎಲ್ಲಾ ವಿವರಿಸಿ ಹೇಳಿದರು. ಹುಡುಗ "ಗೊತ್ತಿರಲಿಲ್ಲ ಅಕ್ಕಾ, ಇನ್ನು ಯಾರಿಗೂ ಹೇಳಲ್ಲ" ಅಂದ. ನಾನು ಒಂದು ಕಾಗದದಲ್ಲಿ ದಪ್ಪಗೆ ಬರೆದುಕೊಂಡು ಹೋಗಿದ್ದೆ. "ಈ ಮಣ್ಣಿನಲ್ಲಿ ಮಳೆ ಬಿದ್ದಾಗ ಅಣಬೆ ಏಳಬಹುದು. ಗಿಡಕ್ಕೆ ತೊಂದರೆ ಇಲ್ಲ. ತಿನ್ನಬೇಡಿ. ಮಕ್ಕಳಿಂದ, ಸಾಕುನಾಯಿಗಳಿಂದ ದೂರ ಇಡಿ." ಅವರು ಅದನ್ನು ಅಲ್ಲೇ ಬಿಲ್ ಬರೆಯುವ ಟೇಬಲಿನ ಮೇಲೆ ಗೋಡೆಗೆ ಟೇಪ್ ಹಾಕಿ ಅಂಟಿಸಿದರು. ಮುಂದಿನ ಸಲ ಚೀಲ ಪ್ರಿಂಟ್ ಮಾಡಿಸುವಾಗ ಸೇರಿಸುತ್ತೇನೆ ಅಂತಲೂ ಹೇಳಿದರು.

ಹಳೆಯ ಚೀಲಗಳು ಇನ್ನೂ ಬೇಕಾದಷ್ಟು ಇವೆ ಅಂತೆ. ದಸರಾ ಕಳೆದ ಮೇಲೆ ಮುಂದಿನ ಅಂಗಳದ ಪಾತಿಗೆ ನಾಲ್ಕು ಚೀಲ ಬೇಕು, ಆಗ ಹೋಗುತ್ತೇನೆ. ಆ ಸಾಲು ಚೀಲದ ಮೇಲೆ ಅಚ್ಚಾಗಿ ಬಂದಿದ್ದರೆ ಇಲ್ಲಿಗೆ ಬಂದು ಐದನೇ ನಕ್ಷತ್ರ ಸೇರಿಸುತ್ತೇನೆ.